ಅರವಣ್ಣನ ಕಣ್ಣು, ಮರಿಯಮಬಿಯ ಜರಡಿ

ಅಣ್ಣಿಗೇರಿಯ ಪೇಟೆಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಗದಗಿನ ಕಡೆಯ ಮೊದಲ ರೈಲು ಕೂಗಿ ಹೋಗಿದೆ. ಶಂಕ್ರಪ್ಪನವರ ಕಾಳಿನ ಅಂಗಡಿಯೊಳಗೆ ಮಾತ್ರ ಜರಡಿಯ ಸಪ್ಪಳ. ಮರಿಯಮಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋದಿ ಜರಡಿ ಹಿಡಿಯುತ್ತಿದ್ದಾರೆ. ಗೋದಿ ಮೇಲೆ ಉಳಿಯುತ್ತದೆ, ಹುಡಿಯೂ ಹುಳವೂ ಕೆಳಗೆ ಬೀಳುತ್ತವೆ. ಹುಳಗಳನ್ನು ಬಟ್ಟಲಿಗೆ ಬಳಿದುಕೊಂಡು ಅವರು ಮೂಲೆಯ ಗಾಜಿನ ತೊಟ್ಟಿಯ ಹತ್ತಿರ ಹೋಗಿ ನೀರಿನ ಮೇಲೆ ಉದುರಿಸುತ್ತಾರೆ. ಮೊಳದುದ್ದದ ಬೆಳ್ಳಿ ಮೀನೊಂದು ಗದ್ದ ಮುಂದೆ ಮಾಡಿಕೊಂಡು ಮೇಲೆ ಬರುತ್ತದೆ. ಆಮೇಲೆ ಹೊಲದ ಬದುವಿನಿಂದ ಹಿಡಿದು ತಂದ ಆರು ಮಿಡತೆ. ಒಂದೊಂದಕ್ಕೂ ಒಂದೊಂದು ಗುಳುಂ.

"ಮ್ಯಾಲ ನೋಡೋ ಬೇಟಾ, ಮ್ಯಾಲ. ಕೆಳಗ ಏನೂ ಇಟ್ಟಿಲ್ಲ ನಿನಗ."

ಅಷ್ಟರಲ್ಲಿ ಹೊರಗೆ ಯಾರೋ ಗಂಟಲು ಹರಿಯುವಂತೆ ಕೆಮ್ಮುತ್ತಾರೆ. ಮರಿಯಮಬಿ ಮಿಡತೆ ತಂದ ಡಬ್ಬಿಯನ್ನು ಸೆರಗಿನ ಮರೆಗೆ ಸರಿಸಿದ ಮೇಲೆಯೇ ಸಾವ್ಕಾರ ಶಂಕ್ರಪ್ಪನವರು ಒಳಗೆ ಕಾಲಿಡುತ್ತಾರೆ. ಈ ಕೆಮ್ಮಿಗೆ ಔಷಧ ಇಲ್ಲ, ಕಾರಣ ಇದೆ.

ಮೀನಿನ ಜಾತಿ ಅರೋವಾನಾ, ನೀರಿನ ಮೇಲೆ ಬಿದ್ದ ಹುಳ ಹಿಡಿದು ತಿನ್ನುವಂಥದ್ದು. ಎರಡು ವರ್ಷದ ಹಿಂದೆ, ಎಂಬತ್ತನಾಲ್ಕರಲ್ಲಿ, ಶಂಕ್ರಪ್ಪನವರ ಅಳಿಯ ಮುಂಬಯಿಯಿಂದ ತಂದುಕೊಟ್ಟದ್ದು. ಮನೆಗೆ ಲಕ್ಷ್ಮಿ ಬಂದಂತೆ ಎಂದು ಹೇಳಿ ಹೋದದ್ದು. ಹೆಸರು ನಾಲಿಗೆಗೆ ಹತ್ತದೆ ಪೇಟೆಯವರು ಅದನ್ನು 'ಅರವಣ್ಣ' ಮಾಡಿಕೊಂಡರು. ಲಕ್ಷ್ಮಿಯೂ ಅದೇ, ಅಣ್ಣನೂ ಅದೇ! ಶಂಕ್ರಪ್ಪನವರ ತಾಯಿ ಶಿವಗಂಗವ್ವ ತೊಟ್ಟಿಯನ್ನು ದೇವರ ಫೋಟೋದ ಸಾಲಿಗೇ ಏರಿಸಿದರು, ಕಪಾಟಿನ ನೆತ್ತಿಯ ಮೇಲೆ. ಶುದ್ಧ ಶಾಕಾಹಾರದ ಮನೆ. ಅರವಣ್ಣನಿಗೂ ಅದೇ ಪಂಕ್ತಿ. ಖವಾದ ಉಂಡೆ, ತುಪ್ಪದ ಶಿರಾ. ಎಂಟು ದಿನ ಮುಖ ತಿರುಗಿಸಿದ ಮೀನು ಒಂಬತ್ತನೆಯ ದಿನ ಸೋತು, ತಳಕ್ಕಿಳಿದ ಉಂಡೆಯನ್ನು ಹುಡುಕಿ ತಿಂದಿತು.

ಹದಿನಾರು ವರ್ಷದಿಂದ ಮರಿಯಮಬಿಗೆ ಇದೇ ಅಂಗಡಿ. ಗಂಡ ಕುತುಬುದ್ದೀನನ ಕೈಮಗ್ಗ ನಿಂತಾಗ ಮೊರ ಹಿಡಿದು ಬಂದವರು. ದಿನಕ್ಕೆ ನಾಲ್ಕು ಚೀಲ ಕಾಳು ಹಸನು ಮಾಡುತ್ತಾರೆ. ಕಡಲೆಯಲ್ಲಿ ಕಡಲೆಯಷ್ಟೇ ದುಂಡಗಿನ ಹರಳು ಅಡಗಿದ್ದರೂ ಅವರ ಕಣ್ಣು ತಪ್ಪಿಸಲಾರದು. ತೊಟ್ಟಿಗೆ ಬಾವಿಯ ನೀರು ಹೊತ್ತು ಹಾಕುವುದೂ ಅವರ ಪಾಲಿಗೇ ಬಂದಿತ್ತು. ಹೋದ ಶ್ರಾವಣದಲ್ಲಿ ಹಾಗೆ ನೀರು ಬದಲಿಸುವಾಗಲೇ ಮೀನಿನ ಬಲಗಣ್ಣು ಕೆಳಕ್ಕೆ ವಾಲಿದ್ದನ್ನು ಕಂಡರು. "ಜ್ವಾಳದ ಕಾಳಿನಷ್ಟು ಇಳದಿತ್ರಿ. ಹದಿನೈದು ದಿನದಾಗ ಎಡಗಣ್ಣೂ ಅದರ ಬೆನ್ನ ಹತ್ತಿತು."

ಪೇಟೆಗೆ ಬೇರೆ ಕೆಲಸ ಬೇಕೇ? ಅರವಣ್ಣನಿಗೆ ಕಣ್ಣು ಬಿದ್ದಿದೆ ಎಂದರು ಕೆಲವರು. ಬಿದ್ದಿರುವುದು ಅವನ ಕಣ್ಣೇ ಎಂದರು ಉಳಿದವರು. ಎದುರು ಅಂಗಡಿಯ ಶಿದ್ಲಿಂಗಪ್ಪ ಮೂಗಿನಲ್ಲೇ ರಾಗ ಎಳೆದರು: "ಲಕ್ಷ್ಮೀನ ಕೆಳಗ ನೋಡಾಕ ಹತ್ಯಾಳಂದ್ರ ವ್ಯಾಪಾರ ಮ್ಯಾಲ ಹೆಂಗ ಹೋಗ್ತೈತೋ ಶಂಕ್ರಪ್ಪಾ?" ಶಿವಗಂಗವ್ವನ ಮಾತು ಇನ್ನೂ ಹರಿತ. "ತೊಟ್ಟಿ ತಿಕ್ಕೂ ಮುಂದ ಕೈ ತಾಕ್ಸೀಯಲ್ಲ ಬೇ ಮರಿಯಮಬೀ? ಖರೇ ಹೇಳು."

ಆ ಮಾತು ಇವತ್ತಿಗೂ ಅವರಿಗೆ ಅನ್ನದಲ್ಲಿ ಸಿಕ್ಕ ಹರಳು. ದೀಪಾವಳಿಯ ಪೂಜೆಯೊಳಗೆ ಕಣ್ಣು ನೆಟ್ಟಗಾಗದಿದ್ದರೆ ಮೀನನ್ನು ಕೆರೆಗೆ ಬಿಡುವುದೆಂದು ಶಂಕ್ರಪ್ಪನವರು ತೀರ್ಮಾನಿಸಿದರು. ಮೀನು ಕೆರೆಗೆ ಹೋದರೆ ತಪ್ಪು ತನ್ನ ಕೈಯದೆಂದೇ ಉಳಿಯುತ್ತದೆಂದು ಮರಿಯಮಬಿಗೆ ಗೊತ್ತಿತ್ತು. "ಅಲ್ಲೀತನಕ ಇದನ್ನ ಪೂರಾ ನನ್ನ ಕೈಗಿ ಕೊಡ್ರಿ" ಎಂದು ಕೇಳಿಕೊಂಡರು.

ಮೊದಲು ದನದ ಡಾಕ್ಟರನ್ನು ಕಂಡರು. "ಎತ್ತಾಗಿದ್ರ ಹಲ್ಲು ಎಣಿಸಿ ವಯಸ್ಸು ಹೇಳ್ತಿದ್ದೆ. ಇದಕ್ಕ ಏನ್ ಹೇಳ್ಲೆವ್ವಾ?" ಎಂದು ನಕ್ಕ ಅವರು, ಆಮೇಲೆ ಪೂರ್ತಿ ಕೇಳಿಸಿಕೊಂಡು ಬೆರಳು ಮಡಚಿದರು. ಕಣ್ಣಿನ ಹಿಂದೆ ಕೊಬ್ಬು ಕೂತಿರಬಹುದು. ಬೆದರಿ ಜಿಗಿದು ಮುಚ್ಚಳಕ್ಕೆ ಬಡಿದಿರಬಹುದು. ಸದಾ ಕೆಳಗೆ ನೋಡಿ ನೋಡಿ ಹಾಗಾಗಿರಬಹುದು. ಹುಟ್ಟಿನಿಂದಲೇ ಬಂದದ್ದಿರಬಹುದು. ಯಾವುದೂ ಖಾತ್ರಿ ಇಲ್ಲ.

ಮರಿಯಮಬಿಗೆ ಅಷ್ಟೇ ಸಾಕಾಯಿತು. "ಕಾಳಿನ ಚೀಲಾ ಇದ್ದಂಗ ನೋಡ್ರಿ. ಯಾವ ಹರಳು ಹಲ್ಲಿಗೆ ಬರತೈತಿ ಗೊತ್ತಿಲ್ಲ. ಎಲ್ಲಾ ಹರಳೂ ಆರಿಸಿದ್ರ ಮುಗೀತು."

ಖವಾ ನಿಂತಿತು. ಜರಡಿಯ ಹುಳ ಹಾಕುತ್ತೇನೆಂದಾಗ ಶಂಕ್ರಪ್ಪನವರು, "ನಮ್ಮ ಅಂಗಡ್ಯಾಗ ಜೀವಾ ತಗಿಯೂದು ಬ್ಯಾಡ" ಎಂದರು. "ದಿನಾ ಆ ಹುಳಾ ಓಣ್ಯಾಗ ಚೆಲ್ಲತೀನ್ರೀ ಸಾವ್ಕಾರ್ರ, ಕಾಗಿ ತಿಂತಾವ. ಕಾಗಿ ತಿಂದ್ರ ನಡೀತೈತಿ, ನಿಮ್ಮ ಲಕ್ಷ್ಮಿ ತಿಂದ್ರ ಪಾಪ ಏನ್ರಿ?" ಹುಳಕ್ಕೆ ಒಪ್ಪಿಗೆ ಸಿಕ್ಕಿತು. ಮಿಡತೆಗೆ ಒಪ್ಪಿಗೆ ಸಿಗಲಿಲ್ಲ, ಕೆಮ್ಮು ಸಿಕ್ಕಿತು. ಅಂದಿನಿಂದ ಶಂಕ್ರಪ್ಪನವರು ಕೆಮ್ಮದೆ ಅಂಗಡಿಗೆ ಬಂದಿಲ್ಲ.

ತೊಟ್ಟಿಯನ್ನು ಕೆಳಗಿಳಿಸುವುದು ಅಷ್ಟು ಸಲೀಸಾಗಲಿಲ್ಲ. "ಲಕ್ಷ್ಮೀನ್ನ ಕಾಲ ಬಾಜೂಕ ಇಡತೀ ಏನ?" ಎಂದು ಶಿವಗಂಗವ್ವ ಅಡ್ಡ ನಿಂತರು.

"ಅವ್ವಾರ, ಅಷ್ಟೆತ್ತರದಾಗ ಕುಂದರ್ಸಿದ್ರ ಅದು ಎಲ್ಲಿ ನೋಡಬೇಕ್ರಿ? ಮಂದಿ ಕೆಳಗ, ಉಣ್ಣೂದು ಕೆಳಗ. ನಾವು ಮ್ಯಾಲ ನಿಂತ್ರ ಅದು ಮ್ಯಾಲ ನೋಡ್ತೈತಿ."

ಕಡೆಗೆ ತೊಟ್ಟಿ ಒಂದು ಮೊಳ ಎತ್ತರದ ಕಲ್ಲಿನ ಕಟ್ಟೆಗೆ ಇಳಿಯಿತು. ತಳದಲ್ಲಿ ಪ್ರತಿಬಿಂಬ ಹೊಳೆದು ಮೀನಿನ ಕಣ್ಣು ಸೆಳೆಯದಿರಲೆಂದು ಗಾಜಿನ ಅಡಿಗೂ ಹಿಂದಕ್ಕೂ ಗೋಣಿತಟ್ಟು ಬಂತು. ಜೋಳದ ದಂಟು ಸುಲಿದು, ಒಳಗಿನ ಬಿಳಿ ಬೆಂಡಿನಿಂದ ಗುಬ್ಬಿಯಷ್ಟು ಹಕ್ಕಿ ಮಾಡಿ ನೀರಿನ ಮೇಲೆ ತೇಲಿಬಿಟ್ಟರು. ಅರವಣ್ಣ ದಿನವಿಡೀ ಅದರ ಹಿಂದೆ ಸುತ್ತತೊಡಗಿದ. ಮನೆಯಲ್ಲಿ ಕುತುಬುದ್ದೀನನ ದೂರು ಬೇರೆ: "ನನ್ನ ಕಣ್ಣು ಗುಡ್ಡಿ ಸಮೇತ ಉದುರಿ ಬಿದ್ರೂ ಈಕಿ ಕಸದಾಗ ಬಳದಾಳು. ಮೀನಿಗಿ ಮಾತ್ರ ಆಟಗಿ!"

ದೀಪಾವಳಿಯ ಅಮಾವಾಸ್ಯೆ ಬಂತು. ಎಡಗಣ್ಣು ನೆಟ್ಟಗಾಗಿತ್ತು. ಬಲಗಣ್ಣು ಅರ್ಧ ಏರಿ ಅಲ್ಲಿಗೇ ನಿಂತಿತ್ತು. ಶಿವಗಂಗವ್ವ ಆರತಿ ತಟ್ಟೆ ಹಿಡಿದು ಬಂದರು. ಎಪ್ಪತ್ತರ ಸೊಂಟ ಬಗ್ಗಿಸಿ ಕಟ್ಟೆಯ ಮಟ್ಟಕ್ಕೆ ದೀಪ ತಂದರು. ಅರವಣ್ಣ ಬೆಂಡಿನ ಹಕ್ಕಿಯನ್ನು ಬಿಟ್ಟು, ತಲೆ ಎತ್ತಿ ದೀಪದತ್ತ ನೋಡಿದ. ಮುದುಕಿ ನಡು ನೆಟ್ಟಗೆ ಮಾಡಿಕೊಳ್ಳುತ್ತ ಮಗನಿಗೆ ಹೇಳಿದರು: "ಕೆರಿ ಮಾತ ಇನ್ನ ಎತ್ತಬ್ಯಾಡೋ ಶಂಕ್ರಾ. ಮರಿಯಮಬೀ, ನನ್ನ ಬಾಯಿ ತಪ್ಪಿತ್ತವ್ವಾ. ನಿನ್ನ ಕೈ ತಪ್ಪಿರಲಿಲ್ಲ."

ಈಗ ಮೀನು ನೋಡಲು ಬಂದವರು ಏನು ಕೇಳಿದರೂ ಶಿವಗಂಗವ್ವ ತೋರಿಸುವುದು ಮೊರ ಹಿಡಿದು ಕೂತವರ ಕಡೆಗೆ. ಯಾವ ಉಪಾಯ ಫಲಿಸಿತೆಂದು ಕೇಳಿದರೆ ಮರಿಯಮಬಿ ತಲೆ ಅಲ್ಲಾಡಿಸುತ್ತಾರೆ. "ಗೊತ್ತಿಲ್ರಿ. ಬಲಗಣ್ಣು ಇನ್ನೂ ಸಣ್ಣ ಕಾಳಿನಷ್ಟು ಇಳದೈತಿ. ಬಡಿದದ್ದಿರಬಹುದು, ಹುಟ್ಟಿನಿಂದ ಬಂದದ್ದಿರಬಹುದು. ನನ್ನ ಕೈಯಿಂದಂತೂ ಅಲ್ಲ."

ಮರಿಯಮಬಿಗೆ ಈಗ ಇರುವ ಆಸೆ ಏನೆಂದರೆ, ಸಾವ್ಕಾರರು ಬಾಗಿಲ ಹತ್ತಿರದ ತಮ್ಮ ಜಾಗವನ್ನು ತೊಟ್ಟಿಯ ಪಕ್ಕಕ್ಕೆ ಬದಲಿಸಿಕೊಡಬೇಕು, ಅಷ್ಟೆ. "ನಾ ಕಾಳು ನೋಡತೀನ್ರಿ, ಅದು ನನ್ನ ನೋಡ್ಲಿ. ಮಾರಿ ಎತ್ತಿ."