ಓದಿದವರ ಗುರುತು ಕೇಳದ ಶೈಮ

“ಯಾವ್ಯಾವ ಊರಿನವರು ಓದಿದ್ದಾರೆ ಅಂತ ಪಟ್ಟಿ ಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ?”

“ನನ್ನ ಹತ್ರ ಇಲ್ಲ ಮಾಷೇ. ಇದ್ದರೂ ಕೊಡ್ತಿರಲಿಲ್ಲ.”

“ಎಣಿಸೋ ಯಂತ್ರವಂತೆ! ನಮ್ಮ ಗೋಡೆ ಗಡಿಯಾರಕ್ಕೆ ಇದಕ್ಕಿಂತ ಹೆಚ್ಚು ಗೊತ್ತು!”

ಬೆಳಗಿನ ಆರೂವರೆ. ಕೇರಳದ ಕಣ್ಣೂರಿನ ಹೊರವಲಯದ ವಾಚನಶಾಲೆಯ ಮಹಡಿಯಲ್ಲಿ ಕಾರ್ಯದರ್ಶಿ ಭಾರ್ಗವನ್ ಮಾಷ್, ಅಂದರೆ ಮೇಷ್ಟ್ರು, ಕೂಗಾಡುತ್ತಿದ್ದಾರೆ. ನಲವತ್ತಾರರ ಶೈಮ ತಲೆಯೆತ್ತದೆ, ಕರೆಂಟು ಹೋಗಿ ನಿಂತಿದ್ದ ತನ್ನ ಪುಟ್ಟ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುತ್ತಿದ್ದಾರೆ. ಊಟದ ಡಬ್ಬಿಯಷ್ಟು ಗಾತ್ರದ ಅದರೊಳಗೆ ಒಂದು ವೆಬ್‌ಸೈಟ್ ಇದೆ. ಮುಟ್ಟು, ಬಸಿರು, ಗಂಡನ ಹೊಡೆತ, ಹೀಗೆ ಹೆಂಗಸರು ಬಾಯಿಬಿಟ್ಟು ಕೇಳಲಾಗದ್ದಕ್ಕೆಲ್ಲ ಒಬ್ಬ ನರ್ಸ್ ಮತ್ತು ಒಬ್ಬ ವಕೀಲೆ ಮಲಯಾಳದಲ್ಲಿ ಉತ್ತರ ಬರೆಯುತ್ತಾರೆ. ಉಳಿದ ಕೆಲಸವೆಲ್ಲ ಶೈಮರದು, ಹನ್ನೊಂದು ವರ್ಷದಿಂದ, ಸಂಬಳವಿಲ್ಲದೆ. ಹಗಲು ಪ್ರೆಸ್ಸಿನಲ್ಲಿ ಮದುವೆ ಕಾಗದ ಜೋಡಿಸುತ್ತಾರೆ.

ಓದುಗರನ್ನು ಎಣಿಸಲು ಮೊದಲು ಒಂದು ದೊಡ್ಡ ಕಂಪನಿಯ ಪುಕ್ಕಟೆ ವ್ಯವಸ್ಥೆ ಇತ್ತು. ಯಾರ ಇಂಟರ್‌ನೆಟ್ ಸಂಪರ್ಕದಿಂದ, ಎಷ್ಟು ಹೊತ್ತಿಗೆ, ಯಾವ ಪುಟ, ಎಲ್ಲವನ್ನೂ ಅದು ಬರೆದಿಡುತ್ತಿತ್ತು. ವಾಚನಶಾಲೆಯಲ್ಲಿ ತಿಂಗಳ ಕೊನೆಗೆ ಎಲ್ಲ ವರದಿಯನ್ನೂ ಕೆಳಗಿನ ಸೂಚನಾ ಹಲಗೆಗೆ ಅಂಟಿಸುವುದು ರೂಢಿ. ಶೈಮ ಹೆಮ್ಮೆಯಿಂದ ತಮ್ಮದನ್ನೂ ಅಂಟಿಸಿದರು. ಅದರಲ್ಲೊಂದು ಸಾಲು: ನೇಕಾರರ ಸಂಘ, ಮಧ್ಯಾಹ್ನ ಒಂದೂಕಾಲು, ‘ಗಂಡ ಹೊಡೆದರೆ’, ಏಳು ಸಲ. ಆ ಸಂಘದಲ್ಲಿರುವುದು ಒಂದೇ ಕಂಪ್ಯೂಟರ್, ಅದರ ಮುಂದೆ ಕೂರುವುದು ಒಬ್ಬಳೇ ಗುಮಾಸ್ತೆ. ಪೇಪರ್ ಓದಲು ಬಂದ ಗಂಡಸರು ಹಲಗೆ ನೋಡಿ ನಕ್ಕರು, ನಾಚಿಕೆಗೆಟ್ಟವರು. ಸುದ್ದಿ ಗಂಡನಿಗೆ ಮುಟ್ಟಿತು. ಎಂಟು ದಿನ ಆಕೆ ಕೆಲಸಕ್ಕೆ ಬರಲಿಲ್ಲ. ಬಂದಾಗ ಕೈಗೆ ಬ್ಯಾಂಡೇಜು.

“ಹೊಡೆದದ್ದು ಅವನು. ಹಿಡಿದುಕೊಟ್ಟದ್ದು ನಾನು,” ಎನ್ನುತ್ತಾರೆ ಶೈಮ.

ಅಂದೇ ಆ ಎಣಿಕೆ ವ್ಯವಸ್ಥೆಯನ್ನು ಕಿತ್ತೆಸೆದು, ಬೇರೆ ಮೂರನ್ನು ಒಂದೊಂದು ವಾರ ಓಡಿಸಿ ನೋಡಿದರು. ಮೊದಲನೆಯದು ಪುಟ್ಟ ಕಂಪ್ಯೂಟರಿಗೆ ಭಾರವಾಯಿತು. ಎರಡನೆಯದು ಬಂದವರ ಫೋನಿನಲ್ಲಿ ಗುರುತು ಬಿಡುತ್ತಿತ್ತು. ಮೂರನೆಯದು ಬಡಪಾಯಿ. ಯಾವ ಪುಟ ಎಷ್ಟು ಸಲ ತೆರೆಯಿತು, ಅಷ್ಟೇ ಅದಕ್ಕೆ ಗೊತ್ತು. ಹಳೇ ಫೋನಿನಲ್ಲೂ ಪುಟ ಥಟ್ಟನೆ ಬರುತ್ತದೆ. ಎಣಿಕೆ ಈ ಡಬ್ಬಿ ಬಿಟ್ಟು ಹೊರಗೆ ಹೋಗುವುದಿಲ್ಲ.

“ನಿನ್ನೆ ‘ಗಂಡ ಹೊಡೆದರೆ’ ಮೂವತ್ತೆಂಟು ಸಲ. ಮೂವತ್ತೆಂಟು ಜನವೋ, ಒಬ್ಬಳೇ ಮೂವತ್ತೆಂಟು ಸಲವೋ, ನಂಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.”

ಮಾಷ್ ಕೆಟ್ಟವರಲ್ಲ, ಮೊಂಡರು. ಈ ಸಲದ ವಾಚನಶಾಲೆ ಪ್ರಶಸ್ತಿಗೆ ಅವರಿಗೆ ಊರುಗಳ ಪಟ್ಟಿ ಬೇಕು.

“ಯಾರು ಅಂತ ತಿಳೀದೆ ಸಹಾಯ ಮಾಡೋದು ಹೇಗೆ?”

“ಬೇಕಾದವಳು ಫೋನ್ ಮಾಡ್ತಾಳೆ ಮಾಷೇ. ನಂಬರ್ ಅಲ್ಲೇ ಇದೆ. ನಾವು ಅವಳ ಹಿಂದೆ ಹೋಗೋದು ಬೇಡ.”

“ಹಳೇದನ್ನೇ ಹಾಕು. ಇಲ್ಲಾಂದ್ರೆ ಕೋಣೆ ಬಿಡು!”

ಶೈಮ ಸ್ವಿಚ್ ಆರಿಸುತ್ತಾರೆ. ತಂತಿ ಸುತ್ತಿ, ಡಬ್ಬಿಯನ್ನು ಶಾಲಿನಲ್ಲಿ ಕಟ್ಟಿ ಎದೆಗವಚಿಕೊಳ್ಳುತ್ತಾರೆ. “ಮನೆ ಸೇರೋವರೆಗೆ ಪುಟ ತೆರೆಯಲ್ಲ. ಅಷ್ಟರಲ್ಲಿ ಯಾರಿಗೂ ತುರ್ತು ಬಾರದಿರಲಿ,” ಎನ್ನುತ್ತಾರೆ.

ಮಾಷ್ ದನಿ ಇಳಿಯುತ್ತದೆ, ಮಗಳನ್ನು ಕರೆದಂತೆ. “ಚಾಯ ಕುಡಿದಾದರೂ ಹೋಗು ಮೋಳೆ.”

ಆಕೆ ಆಗಲೇ ಅರ್ಧ ಮೆಟ್ಟಿಲು ಇಳಿದಾಗಿದೆ. ಇದಾಗಿ ಇವತ್ತಿಗೆ ಎರಡು ತಿಂಗಳು, ಆ ಮೆಟ್ಟಿಲನ್ನು ಆಕೆ ಮತ್ತೆ ಹತ್ತಿಲ್ಲ.