ತಟ್ಟೆ ತೊಳೆದ ನೀರು

ದಕ್ಷಿಣದ ಭಟ್ಟರೊಬ್ಬರು ಹುಮನಾಬಾದಿನ ದೊಡ್ಡ ರಸ್ತೆಯ ಮೇಲೆ ಹೋಟೆಲ್ ತೆರೆದಾಗ ಇನ್ನೂ ನಿಜಾಮರ ಆಳ್ವಿಕೆಯಿತ್ತು. ನಾನು ತಹಸೀಲ ಕಚೇರಿಯಲ್ಲಿ ಹೊಸ ಗುಮಾಸ್ತ. ಹಾಲುಗಲ್ಲಿನ ಮೇಜು, ಆಳೆತ್ತರದ ಕನ್ನಡಿ, ಪಿಂಗಾಣಿ ತಟ್ಟೆ. ಒಲೆಯನ್ನು ಮುಂದೆಯೇ ಹಾಕಿದ್ದರು. ಕುಳಿತವರ ಕಣ್ಣೆದುರೇ ದೋಸೆ ಹುಯ್ದು ತಂದಿಡುತ್ತಿದ್ದರು. ಜೋಳದ ರೊಟ್ಟಿ ತಿನ್ನುವ ನಮಗೆ ಅದೇ ದೊಡ್ಡ ತಮಾಷೆ.

ನೌಕರಿ ಕಾಯಂ ಆದ ವಾರ ಮೋರಖಂಡಿಯಿಂದ ಅಪ್ಪ ಬಂದಿದ್ದ. ನಾನು ದೊಡ್ಡ ಮನುಷ್ಯನಾದದ್ದನ್ನು ಅವನಿಗೆ ತೋರಿಸಬೇಕಿತ್ತು. ನಾನು ಹಳ್ಳಿ ಗಮಾರನಲ್ಲ ಎಂದು ನಮ್ಮ ಹಿರಿಯ ಗುಮಾಸ್ತರಿಗೂ ತೋರಿಸಬೇಕಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಮಾಡಹೊರಟದ್ದು ನನ್ನ ಮಂಗಬುದ್ಧಿ. ಇಬ್ಬರನ್ನೂ ಕರೆದುಕೊಂಡು ಹೋದೆ.

ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ದೋಸೆ ತಿಂದ. "ಭಾಳ ಛಲೋ ಅದ ನೋಡ್," ಅಂದ. ಮಗುವಿನಷ್ಟು ಖುಷಿ ಅವನಿಗೆ. ತಿಂದಾದ ಮೇಲೆ ತಟ್ಟೆಗೆ ನೀರು ಹುಯ್ದು, ಬೆರಳಿನಿಂದ ಸುತ್ತಲೂ ತೊಳೆದು, ಎರಡೂ ಕೈಯಿಂದ ಎತ್ತಿ ಕುಡಿಯತೊಡಗಿದ. ನಮ್ಮದು ಲಿಂಗವಂತರ ಮನೆ. ತಟ್ಟೆಯಲ್ಲಿರುವುದು ಪ್ರಸಾದ, ಒಂದಗುಳೂ ಕೆಡಬಾರದು. ನನಗೂ ಹಾಗೆಯೇ ಕಲಿಸಿದ್ದ.

ಹಿರಿಯ ಗುಮಾಸ್ತರು ಕನ್ನಡಿಯಲ್ಲೇ ನೋಡಿ ನಕ್ಕರು. "ಭಟ್ಟರ, ನಿಮಗ ತಟ್ಟಿ ತೊಳಿಯೋ ಕೆಲಸ ಉಳೀತ್ರಿ!"

ಇಡೀ ಹೋಟೆಲ್ ತಿರುಗಿ ನೋಡಿತು. ನಾನು ಅಪ್ಪನ ಕೈಯಿಂದ ತಟ್ಟೆ ಕಸಿದುಕೊಂಡೆ. "ಬಿಡಪ್ಪ! ಇಲ್ಲಿ ಯಾರೂ ಎಂಜಲಾ ಕುಡಿಯಂಗಿಲ್ಲ."

ಎಂಜಲು ಅಂದೆ. ಬೇರೆ ಮಾತೇ ಸಿಗಲಿಲ್ಲವೇ ನನ್ನ ಸುಡುಗಾಡು ಬಾಯಿಗೆ?

ಅಪ್ಪ ಗಡ್ಡದ ಮೇಲಿನ ನೀರು ಒರೆಸಿಕೊಂಡ. "ಹೌದೇನಪಾ," ಅಂದ, ಅಷ್ಟೆ. ರುಮಾಲು ಸುತ್ತಿಕೊಂಡು ಎದ್ದ. ಆ ಹಿರಿಯ ಗುಮಾಸ್ತರು ಮರುವರ್ಷವೇ ವರ್ಗವಾಗಿ ಹೋದರು. ಅವರ ಮುಖ ಕೂಡ ಈಗ ನೆನಪಿಲ್ಲ. ಅಂಥವನ ನಗೆಗೆ ಹೆದರಿದೆ ನಾನು.

ಮುಂದೆ ಹುಮನಾಬಾದಿನಲ್ಲೇ ಮನೆ ಮಾಡಿದೆ. ಅಪ್ಪ ಬರುತ್ತಿದ್ದ, ಮೊಮ್ಮಗಳನ್ನು ಆಡಿಸುತ್ತಿದ್ದ. ಊಟಕ್ಕೆ ಕರೆದರೆ "ಉಂಡೇ ಬಂದೀನಿ" ಎನ್ನುತ್ತಿದ್ದ. ಮೋರಖಂಡಿಯಿಂದ ನಡೆದು ಬಂದವನು, ಎಲ್ಲಿ ಉಂಡಿದ್ದನೋ. ತೀರಿಕೊಳ್ಳುವ ವರ್ಷ ಮಾತ್ರ, ಮೊಮ್ಮಗಳು ಕೈಹಿಡಿದು ಎಳೆದಳೆಂದು, ಒಮ್ಮೆ ನನ್ನ ಪಕ್ಕ ಕುಳಿತ. ಉಂಡ. ಅರ್ಧ ರೊಟ್ಟಿ, ಒಂದಿಷ್ಟು ಬೇಳೆ ತಟ್ಟೆಯಲ್ಲೇ ಬಿಟ್ಟು, ಅದರಲ್ಲೇ ಕೈತೊಳೆದ.

"ಅಜ್ಜಾ, ಯಾಕ ಬಿಟ್ಟಿ?" ಎಂದಳು ಹುಡುಗಿ.

"ನಿಮ್ಮಪ್ಪಗ ನಾಚಿಕಿ ಆಗ್ತದವ್ವ."

ನನ್ನ ಕಡೆ ನೋಡಲೂ ಇಲ್ಲ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಹೆಂಡತಿ ಆ ತಟ್ಟೆಯನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿಯಲು ಒಯ್ದಳು. ಜನ್ಮದಲ್ಲಿ ಒಂದಗುಳು ಬಿಡದ ಕೈ ಅಪ್ಪನದು. ನಾನು ಬಿಡಿಸಿದೆ.