ಒಳಗಿನ ಚಿಲಕ

ಈ ಮಾತನ್ನು ಬರೆಯಲೆಂದು ನಾನು ಕುಳಿತದ್ದು ಇದು ಮೊದಲ ಸಲವಲ್ಲ. ಹಿಂದೆ ಕುಳಿತಾಗಲೆಲ್ಲ ಚಹಾ ಬೇಕೆನಿಸಿದೆ, ಕನ್ನಡಕ ಒರೆಸಬೇಕೆನಿಸಿದೆ, ಓಣಿಯಲ್ಲಿ ಹೊರಟವರನ್ನು ಕರೆದು ಮಾತಾಡಿಸಬೇಕೆನಿಸಿದೆ. ಹೀಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂದೂಡಿದ್ದೇನೆ. ಇವತ್ತು ಚಹಾ ಮುಗಿಸಿಯೇ ಕುಳಿತಿದ್ದೇನೆ, ಗೆಳೆಯರೇ. ನೆಪಗಳೂ ಮುಗಿದಿವೆ.

ಎದುರಿನ ಮೇಜಿನ ಮೇಲೆ ಒಂದು ಕಬ್ಬಿಣದ ಚಿಲಕವಿದೆ. ಗೇಣುದ್ದದ್ದು, ಮೈಗೆಲ್ಲ ತುಕ್ಕು. ಮೆಟ್ರಿಕ್ ಮುಗಿಸಿದ ಮೇಲೆ ನಾನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಇಂಥ ಸಾವಿರಾರು ಚಿಲಕಗಳನ್ನು ಮಾರಿದವನು. ಗಿರಾಕಿಗೆ ನಾನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಎಷ್ಟು ಇಂಚು, ಒಳಗೋ ಹೊರಗೋ. ಹೊರಗಿನ ಚಿಲಕ ಕಳ್ಳನ ಭಯಕ್ಕೆ. ಒಳಗಿನದು ಮಲಗುವವರಿಗೆ, ಸ್ನಾನ ಮಾಡುವವರಿಗೆ, ಯಾರೂ ನೋಡದಂತೆ ಅಳಬೇಕಾದವರಿಗೆ. ಯಾಕೆ ಎಂಬ ಮೂರನೆಯ ಪ್ರಶ್ನೆ ವ್ಯಾಪಾರಸ್ಥನ ಬಾಯಿಗೆ ಒಪ್ಪುವುದಿಲ್ಲವೆಂದು ನಂಬಿದ್ದೆ.

ನಮ್ಮ ಓಣಿಯ ತರುಣ ಮಂಡಳಕ್ಕೆ ಒಂದು ವ್ಯಾಯಾಮಶಾಲೆ ಇದೆ. ಮಲ್ಲಕಂಬ ಅಲ್ಲಿನ ಹೆಮ್ಮೆ. ಆಗ ನಾನು ಅದರ ಸೆಕ್ರೆಟರಿ. ಹುಡುಗರಿಗೆ ಕಲಿಸುತ್ತಿದ್ದ ಮಾಸ್ತರರು ಒಂದು ದಿನ ಅಂಗಡಿಗೆ ಬಂದು, ಎಣ್ಣೆ ತಿಕ್ಕುವ ಕೋಣೆಗೆ ಒಳಗಿನಿಂದ ಚಿಲಕ ಬೇಕೆಂದರು. ಎಂಟು ಇಂಚಿನದನ್ನು ನಾನೇ ಆರಿಸಿ, ನಾನೇ ಹೋಗಿ ಕೂರಿಸಿ ಬಂದೆ. ಮಂಡಳದ ಸೇವೆಯೆಂದು ಮನಸ್ಸು ಉಬ್ಬಿತ್ತು.

ಕೆಲವು ತಿಂಗಳ ಮೇಲೆ, ಅಲ್ಲಿ ಕಸ ಗುಡಿಸುತ್ತಿದ್ದ ಹೆಣ್ಣುಮಗಳು ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತಳು.

“ಸಾಹೇಬ್ರ, ಆ ಖೋಲಿ ಚಿಲಕಾ ತಗಸ್ರಿ. ಒಬ್ಬ ಹುಡುಗನ್ನ ಒಳಗ ಕರಕೊಂಡು ಯಾಕ ಹಾಕ್ಕೋತಾರ?”

“ಎಣ್ಣಿ ತಿಕ್ಕತಾರವಾ, ಮೈಗೆ ಗಾಳಿ ಹೊಡೀಬಾರದು. ವ್ಯಾಯಾಮ ಅಂದ್ರ ನಿನಗೇನ ತಿಳೀತೈತಿ?”

“ವ್ಯಾಯಾಮ ತಿಳಿಯೂದಿಲ್ರಿ. ಅಳೂದು ತಿಳೀತೈತಿ. ಹೊರಗ ಬಂದ ಕೂಸು ನನ್ನ ಸೆರಗು ಹಿಡಕೊಂಡು ಬಿಡಲೇ ಇಲ್ಲ.”

ನನಗೆ ಅರ್ಥವಾಗಲಿಲ್ಲ ಎಂದು ಇಲ್ಲಿ ಬರೆಯಲು ಹೋಗಿ ಹೊಡೆದುಹಾಕಿದ್ದೇನೆ. ಅರ್ಥವಾಗಿತ್ತು. ಮಂಡಳದ ಹೆಸರು, ಮಾಸ್ತರರ ಹೆಸರು, ನನ್ನ ಹೆಸರು ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು. ಆ ಹುಡುಗನ ಮುಖ ಮಾತ್ರ ಬರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ಗುರುವಿನ ಮೇಲೆ ಯಾರಾದರೂ ಮಾತಾಡಿದರೆ, ಸರಿ ತಪ್ಪು ವಿಚಾರಿಸುವ ಮೊದಲೇ, ಹನುಮಪ್ಪನ ಪಟದ ಮುಂದೆ ಮಾತಾಡಿದವರಿಂದ ಕಾಯಿ ಒಡೆಸಿ ಗುರುವಿನ ಕಾಲು ಮುಟ್ಟಿಸುವುದು. ಅಲ್ಲಿಗೆ ಜಗಳ ಮುಗಿಯಿತೆಂದು ಲೆಕ್ಕ. ಆಕೆಯಿಂದ ನಾನು ಹಾಗೆಯೇ ಮಾಡಿಸಿದೆ. ಎಲ್ಲ ಹುಡುಗರೂ ಸಾಲಾಗಿ ನಿಂತು ನೋಡಿದರು. ಅವಳು ಬಗ್ಗಿದಾಗ ಸಾಲಿನಲ್ಲಿದ್ದ ಒಬ್ಬನ ತಲೆಯೂ ಬಗ್ಗಿತು. ಬಾಯಿ ಬಿಟ್ಟವರಿಗೆ ಏನಾಗುತ್ತದೆಂಬ ಪಾಠ ಅವನಿಗೆ ಆ ಕ್ಷಣದಲ್ಲಿ ಆಯಿತು. ಆ ಪಾಠ ಹೇಳಿದವನು ಮಾಸ್ತರನಲ್ಲ, ನಾನು.

ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಮಾಸ್ತರ ಮತ್ತೆರಡು ವರ್ಷ ಇದ್ದ. ಹೋಗುವಾಗ ಶಾಲು ಹೊದಿಸಿದವನೂ ನಾನೇ. ಅವನೀಗ ಬದುಕಿಲ್ಲ. ಆ ಹುಡುಗ ಊರು ಬಿಟ್ಟ. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಹೇಳುವುದು ಬಿಡುವುದು ಅವನ ಹಕ್ಕು.

ಇಷ್ಟು ವರ್ಷಗಳಲ್ಲಿ ವ್ಯಾಯಾಮಶಾಲೆ ಬಣ್ಣ ಬದಲಿಸಿತು, ಹೆಣ್ಣುಮಕ್ಕಳೂ ಕಂಬ ಏರತೊಡಗಿದರು. ಧಾರವಾಡದಲ್ಲಿ ಓದಿ ಬಂದ ಶೈಲಾ ಎಂಬ ಹುಡುಗಿ ಈಗ ಅಲ್ಲಿ ಕಲಿಸುತ್ತಾಳೆ. ಅವಳು ಮೊದಲ ದಿನವೇ ಮಕ್ಕಳಿಗೆ ಹೇಳಿಕೊಟ್ಟಿದ್ದಳಂತೆ: ಯಾರಾದರೂ ಒಬ್ಬನೇ ಉಳಿ ಅಂದರೆ, ಮನೆಯಲ್ಲಿ ಹೇಳಬೇಡ ಅಂದರೆ, ಮೊದಲು ಹೊರಗೆ ಬಾ, ಆಮೇಲೆ ಹೇಳು. ಗುರುವಾದರೂ ಸರಿ, ಕಾಕಾ ಆದರೂ ಸರಿ. ಕೇಳಿದಾಗ ನನಗೆ ಮುಜುಗರವಾಗಿತ್ತು. ನಮ್ಮೂರಲ್ಲಿ ದಾರಿಯಲ್ಲಿ ಸಿಕ್ಕ ಗಂಡಸೂ ಮಕ್ಕಳಿಗೆ ಕಾಕಾ. ಹಾಗೆ ಕರೆದೊಡನೆ ಅವನನ್ನು ಮನೆಯವನೆಂದು ನಂಬುವುದೇ ನಾವು ತಲೆತಲಾಂತರದಿಂದ ಮಾಡಿದ ತಪ್ಪೆಂದು ಆಗ ಹೊಳೆದಿರಲಿಲ್ಲ.

ಕಳೆದ ತಿಂಗಳು ಅಲ್ಲಿಯ ಸಹಾಯಕನೊಬ್ಬ ಹತ್ತು ವರ್ಷದ ಹುಡುಗನನ್ನು, ಫೋಟೋ ತೆಗೆಯುತ್ತೇನೆ, ಎಣ್ಣೆ ತಿಕ್ಕುವ ಕೋಣೆಗೆ ಬಾ, ಮನೆಯಲ್ಲಿ ಹೇಳಬೇಡ ಎಂದು ಕರೆದ. ಹುಡುಗ ಹೊಸ್ತಿಲಿನಿಂದಲೇ ತಿರುಗಿ ಓಡಿ ಶೈಲಾಗೆ ಹೇಳಿದ, ತಾಯಿ ಸವಿತಾಗೂ ಹೇಳಿದ. ಮರುದಿನ ಮುಂಜಾನೆ ಮಂಡಳದ ಸಭೆ. ಹಿರಿಯನೆಂದು ನನ್ನನ್ನೂ ಕರೆದಿದ್ದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಹುಡುಗ ಸಣ್ಣಾವ, ತಪ್ಪು ತಿಳಕೊಂಡಾನ. ಸುಮ್ಮನ ದೊಡ್ಡದು ಮಾಡೂದು ಬ್ಯಾಡ. ನಮ್ಮ ಪದ್ಧತಿ ಐತೆಲ್ಲ, ಒಂದು ಕಾಯಿ ಒಡಿಸಿ, ಕಾಲು ಮುಟ್ಟಿಸಿ ಮುಗಿಸಿಬಿಡೂನು,” ಎಂದರು.

“ನನ್ನ ಮಗಾ ಯಾರ ಕಾಲೂ ಮುಟ್ಟೂದಿಲ್ರಿ,” ಎಂದಳು ಸವಿತಾ. “ಬೇಕಂದ್ರ ನೀವ ಮುಟ್ರಿ.”

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. “ಕಾಕಾರನ್ನ ಕೇಳೂನು. ಹೇಳ್ರಿ ಕಾಕಾ, ಮೊದಲಿಂದನೂ ಹಿಂಗ ಅಲ್ಲೇನು?”

ಎಲ್ಲರ ಕಣ್ಣೂ ನನ್ನ ಮೇಲೆ. ಹುಡುಗ ತಾಯಿಯ ಪಕ್ಕದಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. ಅವನ ತಲೆ ಇನ್ನೂ ಬಗ್ಗಿರಲಿಲ್ಲ. ನಾನು ಹೌದೆಂದರೆ ಬಗ್ಗುತ್ತಿತ್ತು.

“ಹೌದಪಾ, ಹಿಂಗ,” ಎಂದೆ. “ಹಿಂಗ ಮಾಡಿ ನಾನು ಒಬ್ಬ ಹುಡುಗನ ಬಾಯಿ ಮುಚ್ಚಿಸೇನಿ.” ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಚಿಲಕ ಕೂರಿಸಿದ್ದು, ಕಾಲು ಮುಟ್ಟಿಸಿದ್ದು, ಶಾಲು ಹೊದಿಸಿದ್ದು.

ಶೈಲಾ ಮೆಲ್ಲಗೆ ಕೇಳಿದಳು: “ಇಷ್ಟು ದಿನ ಎಲ್ಲಿದ್ರಿ ಅಜ್ಜಾರ?”

“ಅಂಗಡ್ಯಾಗ ಇದ್ದೆನವಾ,” ಎಂದೆ.

ಅಂದು ಮಧ್ಯಾಹ್ನವೇ ಸವಿತಾ, ಶೈಲಾ, ನಾನು ಪೊಲೀಸ್ ಠಾಣೆಗೆ ಹೋದೆವು. ಅಧ್ಯಕ್ಷರೂ ಹಿಂದಿನಿಂದ ಬಂದರು, ಮುಖ ಗಂಟು ಹಾಕಿಕೊಂಡೇ ಆದರೂ ಬಂದರು. ಆ ಸಹಾಯಕ ಈಗ ಮಂಡಳದಲ್ಲಿಲ್ಲ. ಉಳಿದದ್ದು ಕಾನೂನಿನ ಕೈಯಲ್ಲಿದೆ. ಯಾವ ದೊಡ್ಡವರೂ ಒಂದೇ ಮಗುವಿನೊಡನೆ ಮರೆಯಲ್ಲಿ ಇರಬಾರದೆಂದೂ, ಹೆತ್ತವರು ಯಾವ ಹೊತ್ತಿಗೂ ಒಳಗೆ ಬಂದು ಕೂರಬಹುದೆಂದೂ ಗೋಡೆಯ ಮೇಲೆ ಬರೆಸಿದ್ದಾರೆ. ಕಾಯಿ ಒಡೆಸುವ ಪದ್ಧತಿ ನಿಂತಿತು. ಚಿಲಕವನ್ನು ನಾನೇ ಬಿಚ್ಚಿದೆ. ನಾಲ್ಕು ಸ್ಕ್ರೂಗಳಲ್ಲಿ ಮೂರು ಸುಲಭವಾಗಿ ಬಂದವು, ನಾಲ್ಕನೆಯದಕ್ಕೆ ಸಂಜೆಯಾಯಿತು. ಅಷ್ಟರಲ್ಲಿ ಸವಿತಾಳ ಮಗ ಕಂಬದ ತುದಿಯಲ್ಲಿ ತಲೆಕೆಳಗಾಗಿ ತೂಗಿಕೊಂಡು, “ಅಜ್ಜಾ, ಇನ್ನೂ ಮುಗೀಲಿಲ್ಲೇನು?” ಎಂದು ನನ್ನನ್ನು ಚೇಷ್ಟೆ ಮಾಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಆ ರಾತ್ರಿ ಉಂಡದ್ದು ಮೈಗೆ ಹತ್ತಿತು.

ಹಗುರಾಗಿದ್ದೇನೆ, ನಿಜ. ಪೂರ್ತಿ ಹಗುರಾಗುವ ಅರ್ಹತೆ ನನಗಿಲ್ಲ. ಠಾಣೆಯಲ್ಲಿ ಹಳೆಯದನ್ನೂ ಬರೆಸಿದಾಗ, ಅಂದು ದೂರು ತಂದವರು ಯಾರೆಂದು ಕೇಳಿದರು. ಕಸ ಗುಡಿಸುವಾಕೆ ಎಂದೆ. ಹೆಸರು ಹೇಳಿರಿ ಎಂದರು. ಹೇಳಿದೆ; ಆದರೆ ಎದುರಿಗೆ ನಿಂತವಳನ್ನು ಒಮ್ಮೆಯೂ ಆ ಹೆಸರಿನಿಂದ ಕರೆದವನಲ್ಲ ನಾನು. ಅವಳನ್ನು ಹುಡುಕಿಕೊಂಡು, ಅವಳ ಮನೆಯಿದ್ದ ಗೋಪನಕೊಪ್ಪಕ್ಕೆ ಹೋಗಿದ್ದೆ. ತೀರಿಕೊಂಡು ಬಹಳ ವರ್ಷಗಳಾದವೆಂದರು. ಕೇಳಬೇಕಾದ ಕ್ಷಮೆ ನನ್ನಲ್ಲೇ ಉಳಿಯಿತು. ಒಂದು ಮಗು ಅಳುವುದನ್ನು ಕೇಳಿ, ಕೇಳಿಸಿತು ಎಂದು ಹೇಳಿದವಳು ನಮ್ಮ ಇಡೀ ಓಣಿಯಲ್ಲಿ ಅವಳೊಬ್ಬಳೇ. ಅವಳ ಹೆಸರು ಫಕೀರವ್ವ.